ಮನೆಯ ಕಂಪ್ಯೂಟರಿನಲ್ಲಿ ಎಫ್‌ಟಿಪಿ ಸರ್ವರ್ ಇಡಬಹುದೇ? (ತಾಳಮದ್ದಳೆ ಧ್ವನಿಮುದ್ರಣ, 650 ಜಿಬಿ)

ಕ್ಯಾಸೆಟ್_ಪೆಟ್ಟಿಗೆ · ಡೊಂಬಿವಲಿ · ಶನಿವಾರ ರಾತ್ರಿ 10:12

ಎಲ್ಲರಿಗೂ ನಮಸ್ಕಾರ. ವಿಷಯ ಸ್ವಲ್ಪ ಉದ್ದ ಉಂಟು, ತಾಳ್ಮೆಯಿಂದ ಓದಿ.

ನನ್ನ ಅಪ್ಪ ಫೋರ್ಟಿನ ಒಂದು ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದರು. ಶನಿವಾರ ರಾತ್ರಿ ಲೆಕ್ಕ ಮುಗಿಸಿ, ಟೇಪ್‌ರೆಕಾರ್ಡರನ್ನು ಬಟ್ಟೆಚೀಲದಲ್ಲಿ ಹಾಕಿಕೊಂಡು, ಮುಂಬಯಿಯಲ್ಲಿ ಎಲ್ಲಿ ತಾಳಮದ್ದಳೆ ಇದೆಯೋ ಅಲ್ಲಿಗೆ ಹೋಗುತ್ತಿದ್ದರು. 1983ರಿಂದ 1999ರ ತನಕ ಹಾಗೆ ತುಂಬಿದ ಕ್ಯಾಸೆಟ್‌ಗಳು 210, ಎಲ್ಲವೂ 90 ನಿಮಿಷದವು. ಅದರಲ್ಲಿ ದನಿ ಕೊಟ್ಟ ಎಷ್ಟೋ ಅರ್ಥಧಾರಿಗಳು, ಭಾಗವತರು ಈಗ ಇಲ್ಲ. ಅಪ್ಪನೂ ಇಲ್ಲ.

ಎರಡು ವರ್ಷ ಕೂತು ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿದ್ದೇನೆ. 96 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲ್. ಒಂದು ಕ್ಯಾಸೆಟ್ಟಿಗೆ 3.1 ಜಿಬಿ, ಒಟ್ಟು 650 ಜಿಬಿ ಚಿಲ್ಲರೆ. ಪುಣೆಯಲ್ಲಿರುವ ಒಬ್ಬರು ಗುಂಯ್ ಶಬ್ದ ತೆಗೆದು ಶುದ್ಧ ಮಾಡಿಕೊಡುತ್ತಾರೆ. ಉಡುಪಿಯಲ್ಲಿ ನಿವೃತ್ತ ಮಾಸ್ತರ್ ಒಬ್ಬರಿದ್ದಾರೆ, ಪದ್ಯದ ಮೊದಲ ಸಾಲು ಕೇಳಿದರೆ ಸಾಕು, ಪ್ರಸಂಗ ಯಾವುದು, ಅರ್ಥ ಯಾರದು ಎಂದು ಹೇಳುತ್ತಾರೆ. ವಾಸ್ಕೋದ ಹುಡುಗನೊಬ್ಬ ಅದನ್ನೆಲ್ಲ ಟೈಪ್ ಮಾಡಿ ಪಟ್ಟಿ ಮಾಡುತ್ತಿದ್ದಾನೆ. ನೆರೂಳಿನ ನನ್ನ ಚಿಕ್ಕಪ್ಪನ ಮಗನನ್ನೂ ಸೇರಿಸಿ ನಾವು ಐದು ಜನ.

ಈವರೆಗೆ ಪೆನ್‌ಡ್ರೈವ್ ಕೊರಿಯರ್ ಮಾಡುತ್ತಿದ್ದೆವು. ಹೋದ ತಿಂಗಳು ಒಂದು ದಾರಿಯಲ್ಲೇ ಕೆಟ್ಟುಹೋಯಿತು. ಶುದ್ಧ ಮಾಡಿದ ಮೂರು ಕ್ಯಾಸೆಟ್ಟಿನ ಕೆಲಸ ಹೋಯಿತು.

ಪಕ್ಕದ ಮನೆಯ ಹುಡುಗ "ಆಂಟಿ, ಎಫ್‌ಟಿಪಿ ಸರ್ವರ್ ಹಾಕಿ, ರೌಟರಿನಲ್ಲಿ 21 ಪೋರ್ಟ್ ತೆರೆಯಿರಿ, ಮುಗಿಯಿತು" ಎನ್ನುತ್ತಾನೆ. ಎಫ್‌ಟಿಪಿ ಎಂದರೆ ದೂರದಿಂದ ಫೈಲ್ ಹಾಕುವ, ತೆಗೆಯುವ ಪದ್ಧತಿಯಂತೆ, ಪೋರ್ಟ್ ಎಂದರೆ ಅದಕ್ಕಾಗಿ ಹೊರಗಿನವರು ಬರುವ ನಂಬರಿನ ಬಾಗಿಲಂತೆ. ಆದರೆ ನಾನು ಬ್ಯಾಂಕಿನ ಕೆಲಸ ಮಾಡುವುದೂ ಅದೇ ವಿಂಡೋಸ್ ಕಂಪ್ಯೂಟರಿನಲ್ಲಿ. ಹೆದರಿಕೆ ಆಗುತ್ತದೆ. ತಿಳಿದವರು ಹೇಳಿ.

---

ಲಿನಕ್ಸ್_ರಾತ್ರಿಪಾಳಿ · ಐರೋಲಿ · ಭಾನುವಾರ ಬೆಳಿಗ್ಗೆ 6:50

ಅಕ್ಕ, ಪಾಳಿ ಮುಗಿಸಿ ಬಂದು ನಿಮ್ಮ ಬರಹ ಓದಿದೆ. ಮೊದಲ ಮಾತು: ದಯವಿಟ್ಟು 21 ತೆರೆಯಬೇಡಿ.

ಎಫ್‌ಟಿಪಿಯಲ್ಲಿ ನಿಮ್ಮ ಹೆಸರು, ಪಾಸ್‌ವರ್ಡ್, ಫೈಲು ಮೂರೂ ಬರಿ ಅಕ್ಷರವಾಗಿ ಹೋಗುತ್ತವೆ. ನಡುವೆ ಯಾವ ತಂತಿಯಲ್ಲಿ ಯಾರು ಕಿವಿಗೊಟ್ಟರೂ ಕೇಳಿಸುತ್ತದೆ. ಪೋಸ್ಟ್‌ಕಾರ್ಡಿನಲ್ಲಿ ಬ್ಯಾಂಕಿನ ಪಿನ್ ಬರೆದು ಡಬ್ಬಿಗೆ ಹಾಕಿದ ಹಾಗೆ. ಬ್ರೌಸರುಗಳೇ ಅದನ್ನು ಕೈಬಿಟ್ಟಿವೆ. 2021ರಲ್ಲಿ ಕ್ರೋಮ್ 95ನೇ ಆವೃತ್ತಿಯಲ್ಲಿ ತೆಗೆದರು, ಫೈರ್‌ಫಾಕ್ಸ್ 90ರಲ್ಲಿ.

"ನಮ್ಮ ಮನೆಯ ಕಂಪ್ಯೂಟರನ್ನು ಹುಡುಕಿಕೊಂಡು ಯಾರು ಬರುತ್ತಾರೆ" ಎಂದು ಅನ್ನಿಸಬಹುದು. ಯಾರೂ ನಿಮ್ಮನ್ನು ಹುಡುಕುವುದಿಲ್ಲ, ಎಲ್ಲರನ್ನೂ ಹುಡುಕುತ್ತಾರೆ. ಇಂಟರ್ನೆಟ್ಟಿನ ಹಳೇ ಬಗೆಯ ವಿಳಾಸಗಳು, ಅಂದರೆ ಐಪಿವಿ4, ಒಟ್ಟು ಸುಮಾರು 430 ಕೋಟಿ. ಅಷ್ಟನ್ನೂ ಒಂದು ಪೋರ್ಟಿಗಾಗಿ 45 ನಿಮಿಷದೊಳಗೆ ಒಂದೇ ಯಂತ್ರದಿಂದ ತಟ್ಟಿ ನೋಡಬಹುದು ಎಂದು ಮಿಶಿಗನ್ ವಿಶ್ವವಿದ್ಯಾಲಯದವರು 2013ರಲ್ಲೇ ಜಿಮ್ಯಾಪ್ ಎಂಬ ಸಾಧನದಿಂದ ತೋರಿಸಿದ್ದಾರೆ. ನಾನೇ ಒಮ್ಮೆ ಮನೆಯಲ್ಲಿ ಪರೀಕ್ಷೆಗೆಂದು 22ನೇ ಪೋರ್ಟ್ ಒಂದು ರಾತ್ರಿ ತೆರೆದಿಟ್ಟಿದ್ದೆ. ಬೆಳಗಾಗುವಷ್ಟರಲ್ಲಿ ಲಾಗ್ (ಯಾರು ತಟ್ಟಿದರು ಎಂಬ ದಾಖಲೆ) ಪುಟಗಟ್ಟಲೆ. ರೂಟ್, ಅಡ್ಮಿನ್, ಟೆಸ್ಟ್, ಪೈ ಅಂತ ಹೆಸರು ಬದಲಾಯಿಸಿ ಬದಲಾಯಿಸಿ ಬಡಿಯುತ್ತಲೇ ಇದ್ದರು.

ಮೂರು ವಿಷಯ ತಿಳಿಸಿ. ಬೇರೆ ಹಳೇ ಕಂಪ್ಯೂಟರ್ ಇದೆಯೇ? ರೌಟರಿನ ಪುಟದಲ್ಲಿ ವ್ಯಾನ್ ಐಪಿ, ಅಂದರೆ ರೌಟರಿಗೆ ಹೊರಗಿನಿಂದ ಸಿಕ್ಕ ವಿಳಾಸ, ಅಂತ ಏನು ತೋರಿಸುತ್ತದೆ (ಚುಕ್ಕೆಗಳ ನಡುವಿನ ಮೊದಲ ಎರಡು ಸಂಖ್ಯೆ ಸಾಕು, ಪೂರ್ತಿ ಇಲ್ಲಿ ಹಾಕಬೇಡಿ)? ಅಪ್‌ಲೋಡ್ ವೇಗ ಎಷ್ಟು?

---

ಮಾಟುಂಗಾ_ಫಿಲ್ಟರ್‌ಕಾಫಿ · ಮಾಟುಂಗಾ · ಭಾನುವಾರ 9:30

ಎಫ್‌ಟಿಪಿ ಅಂದಕೂಡಲೇ ಅಸ್ಪೃಶ್ಯ ಮಾಡಬೇಕಾಗಿಲ್ಲ. ಎಫ್‌ಟಿಪಿಎಸ್ ಇದೆಯಲ್ಲ, ಅದೇ ಎಫ್‌ಟಿಪಿಗೆ ಟಿಎಲ್‌ಎಸ್ ಎಂಬ ಗುಪ್ತಲಿಪಿಯ ಹೊದಿಕೆ. ಫೈಲ್‌ಜಿಲ್ಲಾ ಸರ್ವರ್ ಹಾಕಿ, ಟಿಎಲ್‌ಎಸ್ ಕಡ್ಡಾಯ ಮಾಡಿ, ಪ್ಯಾಸಿವ್ ಪೋರ್ಟುಗಳಿಗೆ ಒಂದು ಶ್ರೇಣಿ ಗೊತ್ತುಮಾಡಿ ರೌಟರಿನಲ್ಲಿ ಅಷ್ಟನ್ನೇ ಬಿಡಿ. ನಮ್ಮ ಆಫೀಸಿನಲ್ಲಿ ಹತ್ತು ವರ್ಷದಿಂದ ಹಾಗೇ ನಡೆದಿದೆ. ವಿಂಡೋಸ್‌ನಲ್ಲೇ ಆಗುತ್ತದೆ, ಆಕೆ ಹೊಸದಾಗಿ ಲಿನಕ್ಸ್ ಕಲಿಯಬೇಕಾಗಿಲ್ಲ.

---

ಲಿನಕ್ಸ್_ರಾತ್ರಿಪಾಳಿ · ಐರೋಲಿ · ಭಾನುವಾರ 10:05

ಸರ್, ಎಫ್‌ಟಿಪಿಎಸ್‌ನಲ್ಲಿ ಪಾಸ್‌ವರ್ಡ್ ಬಯಲಾಗುವುದಿಲ್ಲ, ಒಪ್ಪಿದೆ. ಆದರೆ ಎಫ್‌ಟಿಪಿಯ ಕಟ್ಟಡವೇ ಹಾಗೆ: ಮಾತುಕತೆಗೆ ಒಂದು ದಾರಿ, ಸಾಮಾನು ಸಾಗಿಸಲು ಪ್ರತಿಸಲ ಬೇರೊಂದು ದಾರಿ. ಅದಕ್ಕೇ ಪ್ಯಾಸಿವ್ ಎಂದು ನೂರು ಪೋರ್ಟ್ ತೆರೆಯಬೇಕಾಗುತ್ತದೆ. ಗುಪ್ತ ಮಾಡಿದ ಮೇಲೆ ನಡುವಿನ ರೌಟರಿಗೆ ಯಾವ ಪೋರ್ಟ್ ಕೇಳುತ್ತಿದ್ದಾರೆ ಎಂದು ಓದಲಿಕ್ಕೂ ಆಗುವುದಿಲ್ಲ, ಸಂಪರ್ಕ ಬರುತ್ತದೆ, ಫೈಲ್ ಪಟ್ಟಿ ಬರುವುದಿಲ್ಲ. ನಿಮ್ಮ ಆಫೀಸಿನಲ್ಲಿ ಅದನ್ನು ನೋಡಿಕೊಳ್ಳಲು ಒಬ್ಬರಿದ್ದಾರೆ. ಅಕ್ಕನ ಮನೆಯಲ್ಲಿ ಅಕ್ಕ ಒಬ್ಬರೇ.

ಎಸ್‌ಎಫ್‌ಟಿಪಿ ಹೆಸರಿನಲ್ಲಿ ಮಾತ್ರ ಎಫ್‌ಟಿಪಿಯ ನೆಂಟ. ಅದು ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಗುಪ್ತವಾಗಿ ಸೇರುವ ದಾರಿ) ಒಳಗೆ ಒಂದೇ ಪೋರ್ಟಿನಲ್ಲಿ ಎಲ್ಲವನ್ನೂ ಸಾಗಿಸುತ್ತದೆ.

---

ಹಳೇ_ಮೋಡೆಮ್ · ಅಂಧೇರಿ · ಭಾನುವಾರ 11:20

ಎಫ್‌ಟಿಪಿಯನ್ನು ಬೈಯುವ ಮುಂಚೆ ಒಂದು ಮಾತು, ಮಾರಾಯ್ರೆ. ಅದನ್ನು ಮೊದಲು ಬರೆದವರು ನಮ್ಮ ದೇಶದವರು. ಐಐಟಿ ಕಾನ್ಪುರದ ಮೊದಲ ತಂಡದ ಅಭಯ್ ಭೂಷಣ್, 1971ರ ಏಪ್ರಿಲಿನಲ್ಲಿ, ಎಂಐಟಿಯಲ್ಲಿದ್ದಾಗ. ಆರ್‌ಎಫ್‌ಸಿ 114 ಎಂಬ ದಾಖಲೆಯಲ್ಲಿ. ಆಗಿನ ಕಂಪ್ಯೂಟರ್ ಜಾಲದಲ್ಲಿದ್ದವರು ಬೆರಳೆಣಿಕೆಯ ಸಂಸ್ಥೆಗಳು, ಎಲ್ಲರಿಗೂ ಎಲ್ಲರ ಪರಿಚಯ. ಊರಲ್ಲಿ ಹಗಲು ಬಾಗಿಲು ಹಾಕದ ಕಾಲ ಅದು. ತಪ್ಪು ಅವರದ್ದಲ್ಲ, ನಾವು ಅದೇ ಬಾಗಿಲನ್ನು ತಂದು ಡೊಂಬಿವಲಿ ಸ್ಟೇಷನ್ ಎದುರು ಇಡುತ್ತಿದ್ದೇವೆ.

ಎಸ್‌ಎಸ್‌ಎಚ್ ಹುಟ್ಟಿದ್ದೇ ಆ ಪೆಟ್ಟು ತಿಂದು. 1995ರಲ್ಲಿ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಪಾಸ್‌ವರ್ಡ್‌ಗಳನ್ನು ಕದ್ದು ಕೇಳಿದ್ದರು. ಅಲ್ಲಿದ್ದ ತಾತು ಯುಲೊನೆನ್ ಕೂತು ಬರೆದದ್ದು ಎಸ್‌ಎಸ್‌ಎಚ್. ಎಫ್‌ಟಿಪಿಗೆ 21, ದೂರದ ಯಂತ್ರ ನಡೆಸುವ ಹಳೇ ಟೆಲ್‌ನೆಟ್‌ಗೆ 23 ಇತ್ತು, ನಡುವೆ 22 ಖಾಲಿ ಇತ್ತು, ಅದನ್ನು ಕೇಳಿ ಪಡೆದರು.

---

ವಾಸ್ಕೋ_ಹುಡುಗ · ವಾಸ್ಕೋ, ಗೋವಾ · ಭಾನುವಾರ ಮಧ್ಯಾಹ್ನ 1:15

ಅಕ್ಕಾರ ಹೇಳಿದ ವಾಸ್ಕೋದ ಹುಡುಗ ನಾನೇ ರೀ. ನನ್ನ ಅನುಭವ ಹೇಳತೀನಿ.

2018ರಾಗ ನಾ ಒಂದು ಝೆರಾಕ್ಸ್ ಅಂಗಡ್ಯಾಗ ಕೆಲಸಕ್ಕಿದ್ದೆ. ಗಿರಾಕಿಗಳು ಫೈಲ್ ಕಳಸಾಕ ಅನುಕೂಲ ಆಗಲಿ ಅಂತ ನಾನೇ ಎಫ್‌ಟಿಪಿ ಹಾಕಿದೆ, ಹೆಸರು ಪಾಸ್‌ವರ್ಡ್ ಏನೂ ಬ್ಯಾಡ, ಯಾರ್ ಬೇಕಾದ್ರೂ ಹಾಕಬಹುದು ಅಂತ ಬಿಟ್ಟೆ. ಎರಡ ವಾರದಾಗ ಡಿಸ್ಕ್ ತುಂಬಿ ಬಿಟ್ಟಿತ್ತು. ತಗದು ನೋಡಿದ್ರ ಕದ್ದ ಸಿನಿಮಾ, ಗೊತ್ತಿಲ್ಲದ ಭಾಷೆದ್ದು. ಜಗತ್ತಿನ ಯಾರೋ ನಮ್ಮ ಅಂಗಡೀನ ಗೋಡೌನ್ ಮಾಡ್ಕೊಂಡಿದ್ರು. ಇಂಟರ್ನೆಟ್ ಕೊಡೋರು ಫೋನ್ ಮಾಡಿ ಲೈನ್ ಕಟ್ ಮಾಡತೀವಿ ಅಂದ್ರು. ಮಾಲಕರ ಮುಂದ ತಲೆ ತಗ್ಗಿಸಿ ನಿಂತಿದ್ದು ಇನ್ನೂ ನೆನಪೈತಿ. ಅಪ್ಪಾರ ಕ್ಯಾಸೆಟ್ ಹಂಗಾಗೂದು ಬ್ಯಾಡ ಅಕ್ಕಾ.

---

ಕ್ಯಾಸೆಟ್_ಪೆಟ್ಟಿಗೆ · ಡೊಂಬಿವಲಿ · ಭಾನುವಾರ ರಾತ್ರಿ 8:40

ಪ್ರಶ್ನೆಗಳಿಗೆ ಉತ್ತರ. ಮಗನ ಹಳೇ ಡೆಸ್ಕ್‌ಟಾಪ್ ಅಟ್ಟದ ಮೇಲಿದೆ, 8 ಜಿಬಿ ರ‍್ಯಾಮ್, ನಡೆಯುತ್ತದೆ. ವ್ಯಾನ್ ಐಪಿ 100.72 ಎಂದು ಶುರುವಾಗುತ್ತದೆ. ಆದರೆ "ನನ್ನ ಐಪಿ ಯಾವುದು" ಎಂದು ತೋರಿಸುವ ಪುಟದಲ್ಲಿ ಬೇರೆಯೇ ಅಂಕಿ ಬರುತ್ತಿದೆ, ಅದು ಯಾಕೆಂದು ಗೊತ್ತಾಗಲಿಲ್ಲ. ಅಪ್‌ಲೋಡ್ 40 ಎಂಬಿಪಿಎಸ್.

ಪಕ್ಕದ ಮನೆಯ ಹುಡುಗ ಇವತ್ತು ಪೋರ್ಟ್ ತೆರೆದು ನೋಡಿದ. ಹೊರಗಿನಿಂದ ಏನೂ ಕಾಣಿಸಲಿಲ್ಲ.

ಗೂಗಲ್ ಡ್ರೈವಿನಲ್ಲಿ ಹಾಕಿದರೆ ಆಗದೇ ಎಂದು ತಂಗಿ ಕೇಳಿದಳು. ಅದಕ್ಕೂ ಏನಾದರೂ ಹೇಳಿ.

---

ಲಿನಕ್ಸ್_ರಾತ್ರಿಪಾಳಿ · ಐರೋಲಿ · ಸೋಮವಾರ ಬೆಳಿಗ್ಗೆ 7:30

ತಂಗಿಯ ಪ್ರಶ್ನೆ ಸರಿಯಾದದ್ದೇ. ಹತ್ತಿಪ್ಪತ್ತು ಜಿಬಿ ಇದ್ದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಪುಕ್ಕಟೆ ಸಿಗುವುದು 15 ಜಿಬಿ. 650 ಜಿಬಿಗೆ ವರ್ಷವರ್ಷ ಬಾಡಿಗೆ ಕಟ್ಟಬೇಕು, ಕಟ್ಟುವುದು ನಿಂತ ದಿನ ಏನಾಗುತ್ತದೆ ಎಂದು ಯೋಚಿಸಿ. ಎರಡನೇ ಪ್ರತಿಗಾಗಿ ಅದು ಇರಲಿ, ಮೂಲ ಮನೆಯಲ್ಲಿರಲಿ.

100.72 ಎಂಬುದನ್ನು ನೋಡಿ ನನಗೆ ಸಮಾಧಾನವಾಯಿತು, ಯಾಕೆಂದು ಹೇಳುತ್ತೇನೆ. 100.64ರಿಂದ 100.127ರವರೆಗಿನ ವಿಳಾಸಗಳನ್ನು 2012ರಲ್ಲಿ ಇಂಟರ್ನೆಟ್ ಕಂಪನಿಗಳ ಒಳಬಳಕೆಗೆಂದೇ ಎತ್ತಿಟ್ಟರು. ಐಪಿವಿ4 ವಿಳಾಸಗಳ ಬರಗಾಲ ಇರುವುದರಿಂದ ಬಹಳ ಮನೆಗಳನ್ನು ಒಂದೇ ಹೊರವಿಳಾಸದ ಹಿಂದೆ ಕೂರಿಸುತ್ತಾರೆ. ಇದಕ್ಕೆ ಸಿಜಿನ್ಯಾಟ್ ಎನ್ನುತ್ತಾರೆ. ಸೊಸೈಟಿಯ ಗೇಟಿನಲ್ಲಿ ಒಂದೇ ಅಂಚೆಡಬ್ಬಿ ಇದ್ದು, ಅದರ ಮೇಲೆ ಫ್ಲ್ಯಾಟ್ ನಂಬರ್ ಬರೆಯದಿದ್ದರೆ ಹೇಗೋ ಹಾಗೆ. ನೀವು ಕಾಗದ ಬರೆದರೆ ಉತ್ತರ ಬರುತ್ತದೆ, ಹೊರಗಿನವರು ತಾವಾಗಿ ಬರೆದರೆ ನಿಮಗೆ ಮುಟ್ಟುವುದಿಲ್ಲ. ನಿಮ್ಮ ರೌಟರಿನಲ್ಲಿ ಎಷ್ಟು ಪೋರ್ಟ್ ತೆರೆದರೂ ಗೇಟಿನಲ್ಲೇ ನಿಲ್ಲುತ್ತದೆ. ಹಾಗಾಗಿ ನಿನ್ನೆ ಹುಡುಗ ತೆರೆದದ್ದರಿಂದ ಹಾನಿ ಆಗಿರಲಿಕ್ಕಿಲ್ಲ. ಆದರೂ ಇವತ್ತೇ ಮುಚ್ಚಿಸಿ. ಐಪಿವಿ6 ಎಂಬ ಹೊಸ ಬಗೆಯ ವಿಳಾಸ ನಿಮ್ಮಲ್ಲಿ ಬರುತ್ತಿದ್ದರೆ ಅದಕ್ಕೆ ಈ ಗೇಟು ಇಲ್ಲ. ರೌಟರಿನಲ್ಲಿ ಐಪಿವಿ6 ಫೈರ್‌ವಾಲ್ ಆನ್ ಇದೆಯೇ ನೋಡಿ, ಯುಪಿಎನ್‌ಪಿ (ಯಂತ್ರಗಳು ಕೇಳಿದಾಗ ರೌಟರ್ ತಾನಾಗಿ ಪೋರ್ಟ್ ತೆರೆಯುವ ಆಯ್ಕೆ) ಆಫ್ ಮಾಡಿ, ಹೊರಗಿನಿಂದ ರೌಟರ್ ಪುಟ ತೆರೆಯುವ ಆಯ್ಕೆ ಇದ್ದರೆ ಅದನ್ನೂ ಆಫ್ ಮಾಡಿ.

ಈಗ ನನ್ನ ಸಲಹೆ. ನಿಮಗೆ ಬೇಕಾಗಿರುವುದು ಐದು ಜನರಿಗೆ ಮಾತ್ರ ಕಾಣುವ ಸರ್ವರ್. ಹಾಗಿದ್ದ ಮೇಲೆ ಲೋಕಕ್ಕೆ ಬಾಗಿಲು ತೆರೆದು ಕಾವಲು ಕೂರುವ ಯೋಚನೆಯೇ ಬೇಡ. ಬೀದಿಗೆ ಬಾಗಿಲೇ ಇಡಬೇಡಿ.

ಯಂತ್ರಗಳ ನಡುವೆ ಖಾಸಗಿ ಗುಪ್ತ ದಾರಿ ಹಾಕುವ ವೈರ್‌ಗಾರ್ಡ್ ಎಂಬುದಿದೆ, 2020ರ ಮಾರ್ಚಿನಲ್ಲಿ ಲಿನಕ್ಸ್ 5.6ರ ಒಳಗೇ ಸೇರಿತು. ಕೀಲಿ ಇಲ್ಲದವರು ತಟ್ಟಿದರೆ ಅದು ಉತ್ತರವನ್ನೇ ಕೊಡುವುದಿಲ್ಲ, ಅಲ್ಲೊಂದು ಮನೆ ಇದೆ ಎಂದೂ ತಿಳಿಯುವುದಿಲ್ಲ. ಅದರ ಮೇಲೆ ಕಟ್ಟಿದ ಟೇಲ್‌ಸ್ಕೇಲ್ ಸಿಜಿನ್ಯಾಟ್ ಹಿಂದಿದ್ದರೂ ಎರಡು ಕಡೆಯವರನ್ನು ಜೋಡಿಸುತ್ತದೆ. ನೇರ ದಾರಿ ಸಿಗದಿದ್ದರೆ ನಡುವಿನ ರಿಲೇ ಮೂಲಕ ಸಾಗಿಸುತ್ತದೆ, ಆಗ ವೇಗ ಕಡಿಮೆ, ಆದರೆ ರಿಲೇಯಲ್ಲಿ ಕೂತವರಿಗೆ ಒಳಗಿರುವುದು ಓದಲು ಬರುವುದಿಲ್ಲ. ರೌಟರಿನಲ್ಲಿ ಒಂದು ಪೋರ್ಟನ್ನೂ ತೆರೆಯಬೇಕಾಗಿಲ್ಲ. ಆ ದಾರಿಯ ಒಳಗೆ ಎಸ್‌ಎಫ್‌ಟಿಪಿ.

ಅಟ್ಟದ ಡೆಸ್ಕ್‌ಟಾಪ್ ಇಳಿಸಿ ಡೆಬಿಯನ್ (ಲಿನಕ್ಸಿನ ಒಂದು ಬಗೆ) ಹಾಕಿ. ಬ್ಯಾಂಕಿನ ಕಂಪ್ಯೂಟರಿಗೂ ಇದಕ್ಕೂ ಸಂಬಂಧವೇ ಇರಬಾರದು. ಎಸ್‌ಎಸ್‌ಎಚ್ ನಡೆಸುವ ತಂತ್ರಾಂಶ ಓಪನ್‌ಎಸ್‌ಎಸ್‌ಎಚ್, ಅದರ ಸೆಟ್ಟಿಂಗಿನಲ್ಲಿ ‘ಪಾಸ್‌ವರ್ಡ್ ಅಥೆಂಟಿಕೇಶನ್’ ಸಾಲಿಗೆ ‘ನೋ’ (ಒಳಗೆ ಬರುವುದು ಕೀಲಿ ಫೈಲಿನಿಂದ ಮಾತ್ರ), ‘ಪರ್ಮಿಟ್ ರೂಟ್ ಲಾಗಿನ್’ ಸಾಲಿಗೂ ‘ನೋ’ (ರೂಟ್ ಎಂದರೆ ಯಂತ್ರದ ಪೂರ್ಣ ಅಧಿಕಾರದ ಖಾತೆ). ತಂಡದವರಿಗೆಂದು ಒಂದು ಗ್ರೂಪ್ ಮಾಡಿ, ಅವರಿಗೆ ‘ಇಂಟರ್ನಲ್-ಎಸ್‌ಎಫ್‌ಟಿಪಿ’ ಕಡ್ಡಾಯ ಮಾಡಿ, ಅಂದರೆ ಫೈಲ್ ತರುವುದು ಇಡುವುದು ಬಿಟ್ಟು ಬೇರೆ ಆಜ್ಞೆ ನಡೆಯುವುದಿಲ್ಲ. ‘ಕ್ರೂಟ್ ಡೈರೆಕ್ಟರಿ’ ಹಾಕಿದರೆ ಆ ಒಂದು ಫೋಲ್ಡರಿನ ಆಚೆ ಅವರಿಗೆ ಏನೂ ಕಾಣುವುದಿಲ್ಲ. ಫೈರ್‌ವಾಲಿನಲ್ಲಿ 22ನ್ನು ಟೇಲ್‌ಸ್ಕೇಲ್ ಕಡೆಯಿಂದ ಮಾತ್ರ ಬಿಡಿ. ಟೇಲ್‌ಸ್ಕೇಲ್ ಒಳಗೂ ತಂಡದವರಿಗೆ ಈ ಒಂದು ಯಂತ್ರದ ಈ ಒಂದು ಪೋರ್ಟ್ ಮಾತ್ರ ಎಂದು ನಿಯಮ ಬರೆಯಿರಿ, ಇಲ್ಲವಾದರೆ ಎಲ್ಲರ ಲ್ಯಾಪ್‌ಟಾಪೂ ಎಲ್ಲರಿಗೂ ಕಾಣುತ್ತಿರುತ್ತದೆ. ಇದನ್ನು ಬಹಳ ಜನ ಮರೆಯುತ್ತಾರೆ.

ಒಳಗೆ ಎರಡು ಫೋಲ್ಡರ್: ‘ಮೂಲ’, ‘ಒಳಬಂದದ್ದು’. ಮೂಲವನ್ನು ಓದಬಹುದು, ತಿದ್ದಲು ಅಳಿಸಲು ಯಾರಿಗೂ ಬರಬಾರದು. ಶುದ್ಧ ಮಾಡಿದ್ದು ಒಳಬಂದದ್ದರಲ್ಲಿ ಬೀಳಲಿ. ನೀವು ಕೇಳಿ ನೋಡಿ ಕೈಯಾರೆ ಮೂಲಕ್ಕೆ ಸೇರಿಸಿ.

---

ಮಾಟುಂಗಾ_ಫಿಲ್ಟರ್‌ಕಾಫಿ · ಮಾಟುಂಗಾ · ಸೋಮವಾರ 9:10

ಸಿಜಿನ್ಯಾಟ್ ಇದೆ ಎಂದ ಮೇಲೆ ನನ್ನ ಸಲಹೆ ಬಿದ್ದುಹೋಯಿತು, ವಾಪಸು ತೆಗೆದುಕೊಳ್ಳುತ್ತೇನೆ. ‘ಮೂಲ’ವನ್ನು ಬೀಗ ಹಾಕಿಡುವ ಮಾತು ನಮ್ಮ ಆಫೀಸಿಗೂ ಬೇಕು. ನಮ್ಮ ಸರ್ವರಿನಲ್ಲಿ ಎಲ್ಲರೂ ಎಲ್ಲವನ್ನೂ ಅಳಿಸಬಹುದು, ಇಷ್ಟು ದಿನ ಯೋಚಿಸಿರಲಿಲ್ಲ.

---

ಹಳೇ_ಮೋಡೆಮ್ · ಅಂಧೇರಿ · ಸೋಮವಾರ 12:45

ಸಾಫ್ಟ್‌ವೇರನ್ನು ಡೆಬಿಯನ್ನಿನ ಸ್ವಂತ ಭಂಡಾರದಿಂದಲೇ ಹಾಕಿ, ಎಲ್ಲೆಲ್ಲಿಂದಲೋ ಇಳಿಸಬೇಡಿ. 2011ರಲ್ಲಿ ವಿಎಸ್‌ಎಫ್‌ಟಿಪಿಡಿ ಎಂಬ ಎಫ್‌ಟಿಪಿ ಸರ್ವರಿನ 2.3.4ನೇ ಪೊಟ್ಟಣಕ್ಕೆ ಅದರ ಮೂಲ ತಾಣದಲ್ಲೇ ಯಾರೋ ಹಿಂಬಾಗಿಲು ಸೇರಿಸಿಟ್ಟಿದ್ದರು. ಬಳಕೆದಾರರ ಹೆಸರಿನ ಕೊನೆಗೆ ನಗುಮುಖದ ಎರಡು ಚಿಹ್ನೆ ಹಾಕಿದರೆ 6200ನೇ ಪೋರ್ಟಿನಲ್ಲಿ ಇಡೀ ಯಂತ್ರ ಕೈಗೆ ಬರುತ್ತಿತ್ತು.

ಹಾಗೇ ತಾನಾಗಿ ಅಪ್‌ಡೇಟ್ ಆಗುವ ವ್ಯವಸ್ಥೆ ಆನ್ ಇರಲಿ. ಓಪನ್‌ಎಸ್‌ಎಸ್‌ಎಚ್‌ನಂಥ ಓಪನ್‌ಎಸ್‌ಎಸ್‌ಎಚ್‌ನಲ್ಲೇ 2024ರ ಜುಲೈಯಲ್ಲಿ ದೊಡ್ಡ ತೂತು ಸಿಕ್ಕಿತು, 9.8ರಲ್ಲಿ ಮುಚ್ಚಿದರು. ಬೀದಿಗೆ 22 ತೆರೆದವರೆಲ್ಲ ಆ ವಾರ ನಿದ್ದೆಗೆಟ್ಟರು. ಐರೋಲಿಯವರು ಹೇಳಿದ ಹಾಗೆ ಬಾಗಿಲು ಒಳಗಿದ್ದರೆ ನಿಮಗೆ ಅಪ್‌ಡೇಟ್ ಮಾಡಲು ಸಮಯವಾದರೂ ಸಿಗುತ್ತದೆ.

---

ಕೋಥ್ರೂಡ್_ಕಿವಿ · ಪುಣೆ · ಸೋಮವಾರ ರಾತ್ರಿ 9:00

ಗುಂಯ್ ಶಬ್ದ ತಗಿಯೋ ಮನಷ್ಯಾ ನಾನs. ಧಾರವಾಡ ಬಿಟ್ಟು ಇಪ್ಪತ್ತು ವರ್ಷ ಆತು. ನನಗ ಒಂದು ಅನುಮಾನ ಅದ. ಇಷ್ಟೆಲ್ಲಾ ಗುಪ್ತ ಮಾಡಿದ ಮ್ಯಾಲೆ ವೇಗ ಕಡಿಮಿ ಆಗೂದಿಲ್ಲೇನು?

---

ಲಿನಕ್ಸ್_ರಾತ್ರಿಪಾಳಿ · ಐರೋಲಿ · ಸೋಮವಾರ ರಾತ್ರಿ 9:20

ಇಲ್ಲ ಸರ್. 40 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 5 ಎಂಬಿ, 3.1 ಜಿಬಿಗೆ ಹತ್ತು ಹನ್ನೊಂದು ನಿಮಿಷ. ಆ ವೇಗಕ್ಕೆ ಗುಪ್ತ ಮಾಡುವುದು ಹಳೇ ಯಂತ್ರಕ್ಕೂ ಭಾರವಲ್ಲ. ಕಳಿಸುವಾಗ ಫ್ಲ್ಯಾಕ್ ಮಾಡಿ, ಧ್ವನಿ ಒಂದು ಕಣವೂ ಕಳೆಯದೆ ಗಾತ್ರ ಇಳಿಯುತ್ತದೆ.

---

ಕ್ಯಾಸೆಟ್_ಪೆಟ್ಟಿಗೆ · ಡೊಂಬಿವಲಿ · ಗುರುವಾರ ರಾತ್ರಿ 11:05

ಮೂರು ದಿನ ಕೂತೆ. ಡೆಬಿಯನ್ ಬಂತು, ಟೇಲ್‌ಸ್ಕೇಲ್ ಬಂತು. ಎರಡು ಕಡೆ ಸಿಕ್ಕಿಬಿದ್ದೆ.

ಒಂದು: ಕೀಲಿ. ಉಡುಪಿ ಮಾಸ್ತರಿಗೆ ಫೋನಿನಲ್ಲಿ ಹೇಳಿಕೊಟ್ಟೆ, ಅವರು ವಿಂಡೋಸಿನಲ್ಲಿ ವಿನ್‌ಎಸ್‌ಸಿಪಿ (ಎಸ್‌ಎಫ್‌ಟಿಪಿ ಸರ್ವರಿಗೆ ಸೇರುವ ತಂತ್ರಾಂಶ) ಹಾಕಿ ಕೀಲಿ ಮಾಡಿ ನಮ್ಮ ವಾಟ್ಸಾಪ್ ಗುಂಪಿಗೆ ಕಳಿಸಿದರು. ಎರಡು ಫೈಲ್ ಇದ್ದವು, ಎರಡನ್ನೂ ಕಳಿಸಿದರು. ಇದು ಸರಿಯೇ?

ಎರಡು: ಕ್ರೂಟ್ ಹಾಕಿದ ಮೇಲೆ ಒಳಗೆ ಹೋದ ಕ್ಷಣವೇ ಸಂಪರ್ಕ ಕಡಿಯುತ್ತಿದೆ. ಕೀಲಿ ಒಪ್ಪುತ್ತದೆ, ಆಮೇಲೆ ಹೊರಗೆ ದಬ್ಬುತ್ತದೆ.

---

ಲಿನಕ್ಸ್_ರಾತ್ರಿಪಾಳಿ · ಐರೋಲಿ · ಗುರುವಾರ ರಾತ್ರಿ 11:30

ಎರಡನೆಯದು ಮೊದಲು. ಕ್ರೂಟ್ ಮಾಡುವ ಫೋಲ್ಡರೂ ಅದರ ಮೇಲಿನ ಎಲ್ಲ ಫೋಲ್ಡರುಗಳೂ ರೂಟ್ ಒಡೆತನದಲ್ಲೇ ಇರಬೇಕು, ಬೇರೆ ಯಾರಿಗೂ ಅಲ್ಲಿ ಬರೆಯುವ ಹಕ್ಕು ಇರಕೂಡದು. ನೀವು ಬಹುಶಃ ನಿಮ್ಮ ಹೆಸರಿಗೆ ಮಾಡಿದ್ದೀರಿ. ರೂಟಿಗೆ ಕೊಟ್ಟು ಹಕ್ಕನ್ನು 755 ಮಾಡಿ, ಅಂದರೆ ಒಡೆಯ ಮಾತ್ರ ಬರೆಯಬಹುದು, ಉಳಿದವರು ಓದಬಹುದು. ಬರೆಯುವ ಹಕ್ಕು ಅದರ ಒಳಗಿನ ‘ಒಳಬಂದದ್ದು’ ಫೋಲ್ಡರಿಗೆ ಮಾತ್ರ. ಇದಕ್ಕೆ ಸಿಕ್ಕಿಬೀಳದವರು ಯಾರೂ ಇಲ್ಲ, ನಾನು ಮೊದಲ ಸಲ ಇಡೀ ರಾತ್ರಿ ಕಳೆದಿದ್ದೆ.

ಮಾಸ್ತರ ಕೀಲಿ. ಎರಡು ಫೈಲುಗಳಲ್ಲಿ ಒಂದು ಬೀಗ, ಇನ್ನೊಂದು ಬೀಗದ ಕೈ. ಪಬ್ಲಿಕ್ ಎಂದಿರುವುದು ಬೀಗ. ಅದನ್ನು ವಾಟ್ಸಾಪಿನಲ್ಲಿ ಕಳಿಸಿ, ನೋಟಿಸ್ ಬೋರ್ಡಿಗೆ ಅಂಟಿಸಿ, ಏನೂ ಆಗುವುದಿಲ್ಲ. ಸರ್ವರಿನಲ್ಲಿ ಹಾಕಬೇಕಾದದ್ದೂ ಅದನ್ನೇ. ಪ್ರೈವೇಟ್ ಎಂದಿರುವುದು ಕೈ. ಅದು ಹುಟ್ಟಿದ ಕಂಪ್ಯೂಟರ್ ಬಿಟ್ಟು ಹೊರಗೆ ಹೋಗಬಾರದು, ನಿಮಗೂ ಕೊಡಬಾರದು. ಈಗ ಗುಂಪಿಗೆ ಬಂದಿರುವುದರಿಂದ ಆ ಜೋಡಿಯನ್ನು ಬಿಟ್ಟುಬಿಡಿ. ಮೆಸೇಜ್ ಅಳಿಸಿದರೆ ಸಾಲದು, ಐದು ಫೋನಿನಲ್ಲಿ ಇಳಿದಾಗಿದೆ. ಹೊಸ ಜೋಡಿ ಮಾಡಿಸಿ, ಇಡಿ25519 ಎಂಬ ಬಗೆ ಆರಿಸಿ, ಅದಕ್ಕೆ ಪಾಸ್‌ಫ್ರೇಜ್ (ಕೀಲಿ ಬಳಸಲು ಕೇಳುವ ಗುಟ್ಟಿನ ಮಾತು) ಇರಲಿ. ಮಾಸ್ತರಿಗೆ ಒಂದು ಪದ್ಯದ ಸಾಲು ಸಾಕು, ಆದರೆ ಎಲ್ಲರಿಗೂ ಗೊತ್ತಿರುವ ಸಾಲು ಬೇಡ.

ಒಬ್ಬೊಬ್ಬರಿಗೆ ಒಂದೊಂದು ಹೆಸರು, ಒಂದೊಂದು ಕೀಲಿ. ಐವರಿಗೂ ಸೇರಿ ಒಂದೇ ಮಾಡುವ ಆಸೆ ಬರುತ್ತದೆ, ಮಾಡಬೇಡಿ.

ಮೊದಲ ಸಲ ಸೇರುವಾಗ ವಿನ್‌ಎಸ್‌ಸಿಪಿ ಸರ್ವರಿನ ಗುರುತಾದ ಒಂದು ಬೆರಳಚ್ಚು ತೋರಿಸಿ ‘ಇದನ್ನು ನಂಬಲೇ’ ಎಂದು ಕೇಳುತ್ತದೆ. ಎಲ್ಲರೂ ಕಣ್ಣುಮುಚ್ಚಿ ಹೂಂ ಎನ್ನುತ್ತಾರೆ. ನೀವು ಸರ್ವರ್ ಎದುರು ಕೂತು ಅದರ ಅಕ್ಷರಗಳನ್ನು ಫೋನಿನಲ್ಲಿ ಓದಿ ಹೇಳಿ, ಅವರು ತಾಳೆ ನೋಡಲಿ. ಒಂದೇ ಸಲದ ಕೆಲಸ.

---

ವಾಸ್ಕೋ_ಹುಡುಗ · ವಾಸ್ಕೋ, ಗೋವಾ · ಶನಿವಾರ ಸಂಜೆ 6:20

ನಾ ಒಳಗ ಬಂದೆ ಅಕ್ಕಾ, ಫೈಲ್ ಪಟ್ಟಿ ಕಾಣತೈತಿ. ಆದ್ರ ಕೆಲವು ಫೈಲ್ ಹಾಕಾಕ ಹೋದ್ರ "ಹೆಸರು ಭಾಳ ಉದ್ದ ಆತು" ಅಂತ ತಿರಸ್ಕಾರ ಮಾಡತೈತಿ. ನನ್ನ ವಿಂಡೋಸ್‌ನಾಗ ಅದೇ ಹೆಸರು ಚಂದಾಗಿ ಕುಂತೈತಿ. ಹೆಸರಿನಾಗ ಪ್ರಸಂಗ, ಭಾಗವತರು, ಅರ್ಥಧಾರಿಗಳು, ಜಾಗ, ತಾರೀಖು ಎಲ್ಲಾ ಹಾಕೀನಿ.

---

ಹಳೇ_ಮೋಡೆಮ್ · ಅಂಧೇರಿ · ಶನಿವಾರ ರಾತ್ರಿ 8:00

ಇದು ಕನ್ನಡದವರಿಗೇ ಬರುವ ಕಷ್ಟ, ಇಂಗ್ಲಿಷ್ ಪುಸ್ತಕದಲ್ಲಿ ಹುಡುಕಿದರೆ ಬೇಗ ಸಿಗುವುದಿಲ್ಲ.

ಲಿನಕ್ಸಿನ ಎಕ್ಸ್ಟ್4 ಡಿಸ್ಕಿನಲ್ಲಿ ಫೈಲಿನ ಹೆಸರು 255 ಬೈಟ್ ಮೀರಬಾರದು. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿಯೊಂದು ಸಂಕೇತಕ್ಕೆ ಮೂರು. ಸಂಕೇತ ಅಂದರೆ ನಾವು ಎಣಿಸುವ ಅಕ್ಷರ ಅಲ್ಲ. ‘ಕರ್ಣಾರ್ಜುನ’ ನಮಗೆ ನಾಲ್ಕು ಅಕ್ಷರ. ಕಂಪ್ಯೂಟರಿಗೆ ಕ, ರ, ವಿರಾಮ, ಣ, ದೀರ್ಘ, ರ, ವಿರಾಮ, ಜ, ಕೊಂಬು, ನ. ಹತ್ತು ಸಂಕೇತ, ಮೂವತ್ತು ಬೈಟ್. ಒಟ್ಟು 85 ಸಂಕೇತಕ್ಕೆ ಜಾಗ ಮುಗಿಯಿತು. ವಿಂಡೋಸಿನ ಎನ್‌ಟಿಎಫ್‌ಎಸ್ ಬೇರೆ ರೀತಿ ಎಣಿಸುತ್ತದೆ, ಅಲ್ಲಿ ಕನ್ನಡಕ್ಕೂ 255 ಸಿಗುತ್ತದೆ. ಅದಕ್ಕೆ ನಿಮ್ಮಲ್ಲಿ ಕೂತದ್ದು ಅಕ್ಕನಲ್ಲಿ ಕೂರುವುದಿಲ್ಲ.

---

ಕೋಥ್ರೂಡ್_ಕಿವಿ · ಪುಣೆ · ಶನಿವಾರ ರಾತ್ರಿ 9:40

ಹಂಗಾರ ನನ್ನದೂ ಅದೇ ಜಾತಿ ಕಷ್ಟ ಇರಬೇಕು. ನನ್ನದು ಹಳೇ ಮ್ಯಾಕ್. ‘ಭೀಷ್ಮಾರ್ಜುನ’ ಶುದ್ಧ ಮಾಡಿ ಕಳಿಸಿದೆ. ಫೋಲ್ಡರಿನ್ಯಾಗ ಅದೇ ಹೆಸರಿನ ಫೈಲ್ ಎರಡು ಕಾಣ್ತಾವ, ಅಕ್ಷರಕ್ಕ ಅಕ್ಷರ ಒಂದೇ. ಒಂದೇ ಹೆಸರಿನ್ವು ಎರಡು ಹೆಂಗ ಇರ್ತಾವ?

---

ಹಳೇ_ಮೋಡೆಮ್ · ಅಂಧೇರಿ · ಶನಿವಾರ ರಾತ್ರಿ 10:15

ಕಣ್ಣಿಗೆ ಒಂದೇ, ಬೈಟಿನಲ್ಲಿ ಬೇರೆ. ‘ಭೀ’ಯಲ್ಲಿರುವ ದೀರ್ಘ ಈಕಾರವನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಗುಡಿಸು ಒಂದು, ದೀರ್ಘದ ಗುರುತು ಒಂದು ಎಂದು ಬಿಡಿಸಿಯೂ ಬರೆಯಬಹುದು. ದ್ರೋಣನ ಓಕಾರ ಬಿಡಿಸಿದರೆ ಮೂರು ತುಂಡಾಗುತ್ತದೆ. ಮ್ಯಾಕಿನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕು ಬಿಡಿಸಿ ಇಡುತ್ತದೆ, ನಮ್ಮ ಕೀಲಿಮಣೆ ಕೂಡಿಸಿ ಬರೆಯುತ್ತದೆ. ಲಿನಕ್ಸ್ ಎರಡನ್ನೂ ಬೇರೆ ಬೇರೆ ಹೆಸರೆಂದೇ ತಿಳಿಯುತ್ತದೆ.

ಸರ್ವರಿನಲ್ಲಿ ಕನ್ವ್‌ಎಂವಿ ಎಂಬ ಸಣ್ಣ ಸಾಧನ ಹಾಕಿ ‘ಎನ್‌ಎಫ್‌ಸಿ’ ಆಯ್ಕೆಯಿಂದ ಎಲ್ಲ ಹೆಸರುಗಳನ್ನೂ ಕೂಡಿಸಿದ ರೂಪಕ್ಕೆ ತರಬಹುದು. ಒಂದೇ ಹೆಸರಿನವು ಎರಡಿದ್ದಾಗ ಯಾವುದು ಹೊಸದು ಎಂದು ಮೊದಲು ನೀವೇ ಕೇಳಿ ನೋಡಿ, ಆಮೇಲೆ ನಡೆಸಿ.

---

ಕ್ಯಾಸೆಟ್_ಪೆಟ್ಟಿಗೆ · ಡೊಂಬಿವಲಿ · ಭಾನುವಾರ ಬೆಳಿಗ್ಗೆ 10:30

ಇದನ್ನು ಓದಿ ನಿನ್ನೆ ರಾತ್ರಿ ಬಹಳ ಹೊತ್ತು ಯೋಚಿಸಿದೆ. ಅಪ್ಪ ಪ್ರತಿ ಕ್ಯಾಸೆಟ್ಟಿನ ಬೆನ್ನ ಮೇಲೆ ಕೆಂಪು ಇಂಕಿನಲ್ಲಿ ಒಂದು ನಂಬರ್ ಬರೆದಿದ್ದರು. ಫೈಲಿನ ಹೆಸರು ಆ ನಂಬರೇ ಇರಲಿ, 001ರಿಂದ 210, ಬದಿ ಎ ಮತ್ತು ಬಿ. ಉಳಿದದ್ದೆಲ್ಲ ವಾಸ್ಕೋದ ತಮ್ಮನ ಪಟ್ಟಿಯಲ್ಲಿ ಅಚ್ಚ ಕನ್ನಡದಲ್ಲಿ, ಎಷ್ಟು ಉದ್ದ ಬೇಕಾದರೂ. ಕನ್ನಡ ಹೆಸರು ಬಿಡಲು ಮನಸ್ಸಿರಲಿಲ್ಲ. ಆದರೆ ನಂಬರ್ ಕೊಟ್ಟದ್ದು ಅಪ್ಪನೇ.

ಕ್ರೂಟ್ ಸರಿಯಾಯಿತು. ಮಾಸ್ತರು ಹೊಸ ಕೀಲಿ ಮಾಡಿದರು, ಬೀಗ ಮಾತ್ರ ಕಳಿಸಿದರು. ಬೆರಳಚ್ಚನ್ನು ನಾನು ಓದುತ್ತ ಹೋದಂತೆ ಅವರು ಪಾಠ ಒಪ್ಪಿಸುವ ಹಾಗೆ ತಿರುಗಿ ಓದಿದರು.

---

ಲಿನಕ್ಸ್_ರಾತ್ರಿಪಾಳಿ · ಐರೋಲಿ · ಭಾನುವಾರ ಮಧ್ಯಾಹ್ನ 12:00

ಚೆನ್ನಾಗಿದೆ. ಇನ್ನು ಬ್ಯಾಕಪ್ಪಿನ ಮಾತು, ಇದನ್ನು ನಾನು ಒತ್ತಿ ಹೇಳುತ್ತೇನೆ. ಸರ್ವರ್ ಎಂಬುದು ಬ್ಯಾಕಪ್ ಅಲ್ಲ. ಡಿಸ್ಕ್ ಸಾಯುತ್ತದೆ, ಸಾಯುವ ಮುಂಚೆ ಹೇಳಿ ಸಾಯುವುದಿಲ್ಲ. ಒಟ್ಟು ಮೂರು ಪ್ರತಿ: ಒಂದು ಸರ್ವರಿನಲ್ಲಿ, ಒಂದು ಹೊರಗಿನ ಡಿಸ್ಕಿನಲ್ಲಿ, ಒಂದು ಬೇರೆ ಊರಿನಲ್ಲಿ. ಹೊರಗಿನ ಡಿಸ್ಕನ್ನು ನಕಲು ಮುಗಿದ ಮೇಲೆ ಕಿತ್ತು ಕಪಾಟಿನಲ್ಲಿಡಿ, ಚುಚ್ಚಿಯೇ ಇಟ್ಟರೆ ವೈರಸ್ ಬಂದ ದಿನ ಅದೂ ಹೋಗುತ್ತದೆ. ಕಪಾಟು ನೆಲದಿಂದ ಎತ್ತರವಿರಲಿ. 2005ರ ಜುಲೈ 26ರಂದು ಒಂದೇ ದಿನ 944 ಮಿಲಿಮೀಟರ್ ಸುರಿದ ಊರು ನಮ್ಮದು.

ಮೂಲ ಫೈಲುಗಳ ಎಸ್‌ಎಚ್‌ಎ-256 ಮೊತ್ತವನ್ನು (ಫೈಲಿನ ಒಳಗಿರುವುದರಿಂದ ಲೆಕ್ಕ ಹಾಕುವ ಗುರುತು) ಒಂದು ಪಟ್ಟಿ ಮಾಡಿಟ್ಟುಕೊಳ್ಳಿ. ತಿಂಗಳಿಗೊಮ್ಮೆ ತಾಳೆ ನೋಡಿ. ಒಂದು ಬಿಟ್ ಬದಲಾಗಿದ್ದರೂ ಗೊತ್ತಾಗುತ್ತದೆ.

---

ಕೋಥ್ರೂಡ್_ಕಿವಿ · ಪುಣೆ · ಭಾನುವಾರ 1:30

ಬ್ಯಾರೆ ಊರಿನ ಪ್ರತಿ ನನ್ನ ಮನ್ಯಾಗ ಇರ್ಲಿ. 4 ಟಿಬಿ ಡಿಸ್ಕ್ ಖಾಲಿ ಅದ.

---

ವಾಸ್ಕೋ_ಹುಡುಗ · ವಾಸ್ಕೋ, ಗೋವಾ · ಭಾನುವಾರ 2:10

ಮಳಿಗಾಲದಾಗ ನಮ್ಮ ಕಡೆ ಕರೆಂಟ್ ಹೋಗೂದು ಬರೂದು ಭಾಳ. ನಾ ಫೈಲ್ ಹಾಕುವಾಗ ನಡುವ ನಿಂತ್ರ ಮತ್ತ ಮೊದಲಿಂದ ಹಾಕಬೇಕೇನು?

---

ಲಿನಕ್ಸ್_ರಾತ್ರಿಪಾಳಿ · ಐರೋಲಿ · ಭಾನುವಾರ 2:25

ಬೇಡ. ವಿನ್‌ಎಸ್‌ಸಿಪಿ ನಿಂತಲ್ಲಿಂದ ಮುಂದುವರಿಸುತ್ತದೆ. ಅಕ್ಕ, ನಿಮ್ಮ ಸರ್ವರಿಗೂ ಒಂದು ಸಣ್ಣ ಯುಪಿಎಸ್ ಹಾಕಿ, ರೌಟರನ್ನೂ ಅದಕ್ಕೇ ಸೇರಿಸಿ. ಬಯೋಸಿನಲ್ಲಿ (ಯಂತ್ರ ಶುರುವಾಗುವಾಗ ತೆರೆಯುವ ಸೆಟ್ಟಿಂಗ್) ‘ಕರೆಂಟ್ ಬಂದಾಗ ತಾನಾಗಿ ಶುರುವಾಗು’ ಎಂಬ ಆಯ್ಕೆ ಇರುತ್ತದೆ, ಆನ್ ಮಾಡಿ. ಹಳೇ ಡೆಸ್ಕ್‌ಟಾಪ್ ಸುಮ್ಮನಿದ್ದಾಗ 40 ವ್ಯಾಟ್ ಎಳೆದರೂ ತಿಂಗಳಿಗೆ 29 ಯೂನಿಟ್ ಆಗುತ್ತದೆ, ಅದೂ ಲೆಕ್ಕದಲ್ಲಿರಲಿ.

---

ಕ್ಯಾಸೆಟ್_ಪೆಟ್ಟಿಗೆ · ಡೊಂಬಿವಲಿ · ಬುಧವಾರ ರಾತ್ರಿ 9:50

ತುರ್ತು. ನೆರೂಳಿನ ತಮ್ಮನ ಲ್ಯಾಪ್‌ಟಾಪ್ ಬ್ಯಾಗು ಸಂಜೆ ಲೋಕಲಿನಲ್ಲಿ ಹೋಯಿತು. ವಡಾಳಾದಲ್ಲಿ ಇಳಿದ ಮೇಲೆ ನೆನಪಾಯಿತಂತೆ. ಅವನ ಕೀಲಿ ಅದರಲ್ಲೇ ಇದೆ. ಏನು ಮಾಡಲಿ?

---

ಲಿನಕ್ಸ್_ರಾತ್ರಿಪಾಳಿ · ಐರೋಲಿ · ಬುಧವಾರ ರಾತ್ರಿ 9:54

ಗಾಬರಿ ಬೇಡ. ಟೇಲ್‌ಸ್ಕೇಲ್ ಪುಟದಲ್ಲಿ ಅವನ ಯಂತ್ರವನ್ನು ತೆಗೆದುಹಾಕಿ. ಸರ್ವರಿನಲ್ಲಿ ಅವನ ‘ಆಥರೈಸ್ಡ್ ಕೀಸ್’ ಫೈಲಿನಿಂದ ಆ ಸಾಲು ಅಳಿಸಿ. ಉಳಿದ ನಾಲ್ವರಿಗೆ ಏನೂ ಬದಲಾಗುವುದಿಲ್ಲ. ಆಮೇಲೆ ಲಾಗಿನಲ್ಲಿ ಸಂಜೆಯಿಂದ ಅವನ ಹೆಸರಿನಲ್ಲಿ ಯಾರಾದರೂ ಬಂದಿದ್ದಾರೆಯೇ ನೋಡಿ. ತಮ್ಮ ಟೇಲ್‌ಸ್ಕೇಲಿಗೆ ಯಾವ ಇಮೇಲ್ ಖಾತೆಯಿಂದ ಸೇರಿದ್ದನೋ ಅದರ ಪಾಸ್‌ವರ್ಡನ್ನೂ ಈಗಲೇ ಬದಲಿಸಲಿ.

---

ಕ್ಯಾಸೆಟ್_ಪೆಟ್ಟಿಗೆ · ಡೊಂಬಿವಲಿ · ಬುಧವಾರ ರಾತ್ರಿ 10:20

ಎಲ್ಲ ಮಾಡಿದೆ. ಸೋಮವಾರ ರಾತ್ರಿಯ ನಂತರ ಅವನ ಹೆಸರಿನಲ್ಲಿ ಯಾರೂ ಬಂದಿಲ್ಲ. ಕೀಲಿಗೆ ಪಾಸ್‌ಫ್ರೇಜ್ ಕೂಡ ಇತ್ತಂತೆ. ಬ್ಯಾಗಿನ ಬಗ್ಗೆ ರೈಲ್ವೇ ಪೊಲೀಸರಿಗೆ ದೂರು ಕೊಟ್ಟಿದ್ದಾನೆ.

ಐವರಿಗೂ ಒಂದೇ ಕೀಲಿ ಮಾಡಿದ್ದರೆ ಇವತ್ತು ರಾತ್ರಿ ಮಾಸ್ತರನ್ನು ಎಬ್ಬಿಸಬೇಕಾಗುತ್ತಿತ್ತು.

---

ಕೋಥ್ರೂಡ್_ಕಿವಿ · ಪುಣೆ · ಬುಧವಾರ ರಾತ್ರಿ 10:45

037 ಎರಡೂ ಬದಿ ಶುದ್ಧ ಆತು. ಎ ಬದಿ ನಡುವ ಯಾರೋ ಚಾ ಲೋಟಾ ಇಟ್ಟ ಸಪ್ಪಳ ಅದ, ಅದನ್ನ ತಗದಿಲ್ಲ, ಇರ್ಲಿ ಅನ್ನಿಸ್ತು. ನಾಳೆ ಗುರುವಾರ, ನಮ್ಮ ಕಡೆ ಮುಂಜಾನಿಂದ ಕರೆಂಟ್ ಇರೂದಿಲ್ಲ. ಅದಕ್ಕ ಈಗಲೇ ಹಾಕ್ಲಿಕ್ಕತ್ತೀನಿ, ಮಲಗೂ ಮುಂಚೆ ‘ಒಳಬಂದದ್ದು’ ನೋಡ್ರಿ.

---

ಕ್ಯಾಸೆಟ್_ಪೆಟ್ಟಿಗೆ · ಡೊಂಬಿವಲಿ · ಬುಧವಾರ ರಾತ್ರಿ 11:25

ಬಂತು. ಮೊತ್ತ ತಾಳೆಯಾಯಿತು. ಆ ಲೋಟ ಇಟ್ಟದ್ದು ಅಪ್ಪನೇ ಇರಬೇಕು, ಅವರಿಗೆ ಮಧ್ಯರಾತ್ರಿ ಚಾ ಬೇಕಿತ್ತು. ಹಾಗೇ ಇರಲಿ.